ಅರಮನೆಯೊಳಗಿನ ಚಿತ್ರ, ಚಿತ್ರದೊಳಗಿನ ಅರಮನೆ

ಸಿರುಗುಪ್ಪೆಯ ಸೀಮೆಗೆ ತಾವು ಬಂದವರಾದರೆ ದೇಶನೂರಿನ ಕಾಲುವೆಯ ಹೆಸರನ್ನು ಕೇಳದೆ ಹೋಗಿರಲಾರಿರಿ. ತುಂಗಭದ್ರೆಯ ನೀರನ್ನು ಭತ್ತದ ಗದ್ದೆಗಳಿಗೆ ಹಾಯಿಸುವ ಈ ಕಾಲುವೆ ಇಂದು ನಿನ್ನೆಯದಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ, ಕಂಪ್ಲಿ ಕಾಲುವೆ, ಸಿರುಗುಪ್ಪ ಕಾಲುವೆ ಎಂದು ಮುಂತಾಗಿ ಎಣಿಸಲಾಗುವ ವಿಜಯನಗರ ಕಾಲುವೆಗಳ ಸಾಲಿನಲ್ಲಿ ದೇಶನೂರು ಕಾಲುವೆಯೂ ಒಂದು. ಆ ಅರಸರ ಕಾಲದ ನೀರಿನ ವ್ಯವಸ್ಥೆಯ ಫಲವನ್ನು ನಮ್ಮ ಭಾಗದ ರೈತರು ಈಗಲೂ ಉಣ್ಣುತ್ತಿದ್ದಾರೆ. ಆದರೆ ಆ ಅರಸರು ಎಂತಹ ಮನೆಯಲ್ಲಿ ವಾಸಿಸುತ್ತಿದ್ದರು, ಅವರ ಒಡ್ಡೋಲಗದ ಒಳಗೋಡೆಗಳು ಹೇಗಿದ್ದುವು ಎಂದು ಯಾರಾದರೂ ನಮ್ಮನ್ನು ಕೇಳಿದರೆ ಕೊಡುವ ಉತ್ತರವೇನು?

ಉತ್ತರ ಕೊಡಲು ನಾವಾರೂ ಹಿಂಜರಿಯುವುದಿಲ್ಲವೆಂಬುದೇ ವಿಚಿತ್ರ. ಕಣ್ಣು ಮುಚ್ಚಿದರೆ ಸಾಕು, ಅಮೃತಶಿಲೆಯ ನೆಲ, ದುಂಡನೆಯ ಎತ್ತರದ ಕಂಬಗಳು, ಕುಚ್ಚು ಕಟ್ಟಿದ ಮಕಮಲ್ಲಿನ ಪರದೆ, ಗಾಜಿನ ತೂಗುದೀಪ, ಸಿಂಹದ ಮುಖವುಳ್ಳ ಸಿಂಹಾಸನ, ಇವೆಲ್ಲ ಮನಸ್ಸಿನಲ್ಲಿ ಮೂಡಿ ನಿಲ್ಲುತ್ತವೆ. ದೇವರ ಕೋಣೆಯ ಕ್ಯಾಲೆಂಡರಿನಿಂದ, ಶಾಲೆಯ ಪುಸ್ತಕದ ಚಿತ್ರದಿಂದ, ಪೌರಾಣಿಕ ನಾಟಕದ ಪರದೆಯಿಂದ, ಚಲನಚಿತ್ರದಿಂದ ನಾವು ಇದನ್ನು ಪಡೆದುಕೊಂಡಿದ್ದೇವೆ. ಇದು ವಿಜಯನಗರದ ಅರಮನೆಯಲ್ಲ. ಹಾಗಾದರೆ ಯಾವ ಅರಮನೆ? ಈ ಲೇಖನದ ವಿಷಯವೇ ಅದು. ಅರಮನೆಗಳ ಒಳಭಾಗವನ್ನು ಕುರಿತು ನಮಗಿರುವ ಬಹುಪಾಲು ತಿಳಿವಳಿಕೆ ಚಿತ್ರಗಳಿಂದ ಬಂದದ್ದು. ಆ ಚಿತ್ರಗಳು ಹೇಳುವುದೇನು, ಹೇಳದಿರುವುದೇನು ಎಂಬುದನ್ನು ಸ್ವಲ್ಪ ಸಾವಧಾನದಿಂದ ವಿಚಾರಿಸೋಣ.

ಮೊದಲು ಹಂಪಿಗೇ ಹೋಗೋಣ. 2021ರಿಂದ ಅದು ವಿಜಯನಗರ ಜಿಲ್ಲೆಗೆ ಸೇರಿದ್ದರೂ ಬಳ್ಳಾರಿ ಸೀಮೆಯವರಾದ ನಮಗೆ ಮನೆಯಂಗಳವೇ ಸರಿ. ಮಹಾನವಮಿ ದಿಬ್ಬದ ಸಮೀಪದಲ್ಲಿ ಒಂದು ವಿಶಾಲವಾದ ಕಲ್ಲಿನ ಅಧಿಷ್ಠಾನವಿದೆ. ಅದರ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲುಗಳಲ್ಲಿ ಕಂಬಗಳನ್ನು ನಿಲ್ಲಿಸಿದ್ದ ಗುರುತುಗಳು ಮಾತ್ರ ಕಾಣುತ್ತವೆ. ನೂರು ಕಂಬಗಳ ಆ ಸಭಾಭವನದಲ್ಲಿ ಒಂದು ಕಂಬವೂ ಇಂದು ಇಲ್ಲ. ಏಕೆಂದರೆ ಅವು ಮರದವು. ದೇವರಿಗೆ ಕಲ್ಲಿನ ಮನೆ, ಅರಸನಿಗೆ ಮರದ ಮನೆ ಎಂಬುದು ಅಂದಿನ ರೂಢಿಯಾಗಿತ್ತು. 1565ರ ಯುದ್ಧದ ತರುವಾಯ ಪಟ್ಟಣವು ಸೂರೆಯಾದಾಗ ಮರವೆಲ್ಲ ಬೂದಿಯಾಯಿತು, ಗಾರೆ ಉದುರಿತು, ಗಾರೆಯ ಮೇಲಿನ ಬಣ್ಣವೂ ಅದರೊಡನೆ ಹೋಯಿತು. ಇಂದು ನಾವು ಕಮಲಮಹಲು ಎಂದು ಕರೆಯುವ ಕಟ್ಟಡ ನಿಂತಿರುವುದು ನಿಜ. ಆದರೆ ಆ ಹೆಸರು ಈಚಿನವರು ಇಟ್ಟದ್ದು. ಅರಸನು ಅಲ್ಲಿ ವಾಸಿಸಿದನೆಂದು ಹೇಳಲು ಅದೊಂದೇ ಕಟ್ಟಡ ಸಾಕ್ಷಿಯಾಗಲಾರದು.

ಹೀಗಿರಲಾಗಿ, ಆ ಅರಮನೆಯ ಒಳಭಾಗವನ್ನು ಕಣ್ಣಾರೆ ಕಂಡು ಬರೆದಿಟ್ಟವನೊಬ್ಬನಿದ್ದಾನೆಂಬುದು ನಮ್ಮ ಭಾಗ್ಯವೇ ಸರಿ. ಪೋರ್ಚುಗೀಸ್ ಪ್ರವಾಸಿಯಾದ ಡೊಮಿಂಗೋ ಪಾಯಿಸ್ ಎಂಬಾತನು ಸುಮಾರು 1520ರ ವೇಳೆಗೆ, ಕೃಷ್ಣದೇವರಾಯನು ಆಳುತ್ತಿದ್ದಾಗ, ವಿಜಯನಗರಕ್ಕೆ ಬಂದನು. ಅವನ ಬರಹವನ್ನು ರಾಬರ್ಟ್ ಸೀವೆಲ್ ಅವರು ಇಂಗ್ಲಿಷಿಗೆ ತಿರುಗಿಸಿ 1900ರಲ್ಲಿ ಪ್ರಕಟಿಸಿದ ಮೇಲೆ ಅದು ಎಲ್ಲರ ಕೈಗೂ ಬಂತು. ಆಗ ರಾಯನು ಹೊಸದಾಗಿ ಕಟ್ಟಿಸಿದ ಪಟ್ಟಣದಲ್ಲಿದ್ದನು. ತಮ್ಮ ಸಂಗಡಿಗರು ಊರಿಗೆ ಮರಳಿದಾಗ ಹೇಳಿಕೊಳ್ಳಲು ಏನಾದರೂ ಇರಲೆಂದು ಪೋರ್ಚುಗೀಸರ ಮುಖಂಡನು ಅರಮನೆಯನ್ನು ತೋರಿಸಬೇಕೆಂದು ಪ್ರಾರ್ಥಿಸಲು, ರಾಯನು ಕೆಲವು ಭಾಗಗಳನ್ನು ಮಾತ್ರ ತೋರಿಸುವಂತೆ ಅಪ್ಪಣೆ ಮಾಡಿದನು. ರಾಣಿವಾಸವನ್ನು ಅನ್ಯರಾರೂ ನೋಡುವಂತಿರಲಿಲ್ಲ. ಪಟ್ಟಣದ ಅಧಿಕಾರಿಯು, ಸಾಳುವ ತಿಮ್ಮನ ಸಹೋದರನು, ಇವರನ್ನು ಒಳಗೆ ಕರೆದೊಯ್ದನು. ಬಾಗಿಲಲ್ಲಿ ಎಷ್ಟು ಜನರೆಂದು ಎಣಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರಂತೆ. ಮುಂದಿನ ಬಾಗಿಲಲ್ಲಿ ಮತ್ತೆ ಎಣಿಕೆ.

ಅರಸನ ನಿವಾಸದ ಬಾಗಿಲ ಇಕ್ಕೆಲಗಳಲ್ಲಿ ಎರಡು ಚಿತ್ರಗಳಿದ್ದುವು. ಬಲಕ್ಕೆ ರಾಯನ ತಂದೆಯ ಚಿತ್ರ, ಎಡಕ್ಕೆ ರಾಯನ ಚಿತ್ರ. ಜೀವಂತ ನಿಂತಿರುವಂತೆ, ಉಡಿಗೆತೊಡಿಗೆಗಳ ಸಹಿತವಾಗಿ ಬರೆದವು. ತಂದೆಯು ಕಪ್ಪು ಬಣ್ಣದವನು, ಮಗನಿಗಿಂತ ಸ್ಥೂಲಕಾಯನು ಎಂಬುದನ್ನು ಪಾಯಿಸನು ಆ ಚಿತ್ರವನ್ನು ನೋಡಿಯೇ ತಿಳಿದುಕೊಂಡನು. ವಾಚಕರೇ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತುಳುವ ನರಸ ನಾಯಕನ ಮೈಬಣ್ಣವೇನೆಂದು ಇಂದು ನಾವು ಹೇಳಬಲ್ಲೆವಾದರೆ, ಅದಕ್ಕೆ ಕಾರಣ ಹೆಸರು ತಿಳಿಯದ ಚಿತ್ರಗಾರನೊಬ್ಬನು ಅರಮನೆಯ ಬಾಗಿಲಲ್ಲಿ ಅದನ್ನು ಮರೆಮಾಚದೆ ಬರೆದದ್ದು. ನಮ್ಮ ಈಗಿನ ಪಠ್ಯಪುಸ್ತಕದ ಅರಸರೆಲ್ಲರೂ ಒಂದೇ ಗುಲಾಬಿ ಬಣ್ಣದವರಾಗಿರುವುದನ್ನು ತಾವು ಗಮನಿಸಿರಬಹುದು.

ಒಳಗೆ ಹೋದ ಮೇಲೆ ಪಾಯಿಸನಿಗೆ ಕಂಡದ್ದು, ಒಳಗೆಲ್ಲ ಚಿನ್ನದ ತಗಡು ಹೊದಿಸಿದ ಒಂದು ಕೋಣೆ, ರತ್ನಖಚಿತವಾದ ಮುಖಮಂಟಪ, ಕರಿಯ ಸ್ಯಾಟಿನ್ ಹಾಸಿಗೆಯ ಸುತ್ತ ಗೇಣಗಲದ ಮುತ್ತಿನ ಅಂಚು. ಅದರ ಮೇಲಣ ಕೋಣೆಯನ್ನು ತಾನು ನೋಡಲಿಲ್ಲವಾದ್ದರಿಂದ ಅದರೊಳಗೆ ಏನಿತ್ತೆಂದು ಹೇಳುವುದಿಲ್ಲ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಇಂತಹ ಒಂದು ಮಾತಿನಿಂದ ಅವನ ಉಳಿದ ಮಾತುಗಳ ಮೇಲೆ ನಮಗೆ ನಂಬಿಕೆ ಹುಟ್ಟುತ್ತದೆ. ಇನ್ನೊಂದು ಕೋಣೆ ಆನೆಯ ದಂತದ್ದು. ಗೋಡೆಯಿಂದ ಮೊದಲ್ಗೊಂಡು ಮೇಲಣ ತೊಲೆಗಳವರೆಗೆ ದಂತದ ಗುಲಾಬಿ, ದಂತದ ತಾವರೆ.

ಆದರೆ ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ್ದು ಚಿನ್ನವೂ ಅಲ್ಲ, ದಂತವೂ ಅಲ್ಲ. ಅಲ್ಲಿಯೇ ಗೋಡೆಯ ಮೇಲೆ, ಈ ದೇಶಕ್ಕೆ ಬಂದು ಹೋದ ನಾನಾ ಜನರ ಜೀವನಕ್ರಮವನ್ನು, ಪೋರ್ಚುಗೀಸರನ್ನೂ ಬಿಡದೆ, ಚಿತ್ರಿಸಲಾಗಿತ್ತು. ಯಾವ ಯಾವ ನಾಡಿನವರು ತಮ್ಮ ತಮ್ಮ ನಾಡಿನಲ್ಲಿ ಹೇಗೆ ಬಾಳುತ್ತಾರೆಂಬುದನ್ನು ರಾಣಿವಾಸದ ಸ್ತ್ರೀಯರು ಅರಿಯಲೆಂದು ಆ ಚಿತ್ರಗಳು. ಅವುಗಳಲ್ಲಿ ಕುರುಡರೂ ಇದ್ದರು, ಭಿಕ್ಷುಕರೂ ಇದ್ದರು. ಹೊರಗಿನವರು ಯಾರೂ ಕಾಣಬಾರದ, ತಾವೂ ಹೊರಗೆ ಹೋಗಿ ಏನನ್ನೂ ಕಾಣಲಾಗದ ಸ್ತ್ರೀಯರಿಗಾಗಿ ಲೋಕವನ್ನೇ ಒಳಗೋಡೆಗೆ ತರಲಾಗಿತ್ತು. ರತ್ನದ ಮಂಚ ಇರುವ ಮನೆಯಲ್ಲಿಯೇ ತಿರಿದು ತಿನ್ನುವವನ ಚಿತ್ರ. ಇದು ಕರುಣೆಯೋ, ಕುತೂಹಲವೋ, ಕೇವಲ ವಿನೋದವೋ ನಿಶ್ಚಯಿಸಲಾಗದು. ಆದರೆ ಅರಮನೆಯ ಒಳಗೋಡೆ ಅಂದು ಅರಸನ ವೈಭವವನ್ನೇ ಅರಸನಿಗೆ ತೋರಿಸುವ ಕನ್ನಡಿಯಾಗಿರಲಿಲ್ಲವೆಂಬಷ್ಟು ಖಂಡಿತ.

ಇನ್ನೊಂದು ಭವನದ ಸಂಗತಿಯೂ ಸ್ವಾರಸ್ಯವಾದುದು. ಅದು ಅರಮನೆಯ ಸ್ತ್ರೀಯರಿಗೆ ನೃತ್ಯವನ್ನು ಕಲಿಸುವ ಶಾಲೆ. ಉದ್ದವಾದ, ಅಷ್ಟೇನೂ ಅಗಲವಿಲ್ಲದ ಆ ಶಾಲೆಯ ಫಲಕಗಳಲ್ಲಿ ಪ್ರತಿಯೊಂದು ನೃತ್ಯದ ಕೊನೆಯ ನಿಲುವನ್ನು ಒಬ್ಬೊಬ್ಬ ನರ್ತಕಿಯ ಆಕೃತಿಯಲ್ಲಿ ತೋರಿಸಲಾಗಿತ್ತು. ಕಲಿಯುವವಳು ಆಟದ ಕೊನೆಯಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಮರೆತರೆ ತಲೆಯೆತ್ತಿ ಫಲಕವನ್ನು ನೋಡಿಕೊಳ್ಳುವುದು. ಮೈಯನ್ನು ಹಗುರಗೊಳಿಸಲು ಕೈಯಿಂದ ಹಿಡಿದು ಜೋತುಬೀಳುವ ಸ್ಥಳವೊಂದಿತ್ತು. ಅದಕ್ಕೂ ಬಣ್ಣ ಬಳಿದಿದ್ದರು. ನಮ್ಮ ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಗೋಡೆಯ ಮೇಲೆ ತೂಗುಹಾಕಿದ ಮಗ್ಗಿಯ ಕೋಷ್ಟಕ ನೆನಪಿಗೆ ಬಂದೀತು. ಇಲ್ಲಿ ಚಿತ್ರವು ಅಲಂಕಾರವಲ್ಲ, ಪಾಠ.

ಗೋಡೆಯ ಮೇಲಣ ಈ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಬಹು ಹಿಂದಿನಿಂದಲೂ ಶಾಸ್ತ್ರವಿತ್ತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು (1126-1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೆ ಮೀಸಲಾದ ಭಾಗವೊಂದಿದೆ. ಗೋಡೆಯನ್ನು ಗಾರೆಯಿಂದ ನುಣುಪುಗೊಳಿಸುವುದು, ಎಮ್ಮೆಯ ತೊಗಲನ್ನು ನೀರಿನಲ್ಲಿ ಕುದಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯುವುದು, ಆ ಅಂಟಿನೊಡನೆ ಬಿಳಿಯ ಮಣ್ಣನ್ನೂ ಶಂಖದ ಪುಡಿಯನ್ನೂ ಬೆರೆಸಿ ಗೋಡೆಗೆ ಹಚ್ಚುವುದು, ಲೇಖನಿಗಳನ್ನು ಸಿದ್ಧಮಾಡುವುದು ಇವೆಲ್ಲವನ್ನೂ ಅರಸನೇ ವಿವರಿಸುತ್ತಾನೆ. ತನ್ನನ್ನು ‘ಚಿತ್ರವಿದ್ಯಾವಿರಿಂಚಿ’ ಎಂದು ಕರೆದುಕೊಳ್ಳುವಷ್ಟು ಅವನಿಗೆ ಈ ಕಲೆಯಲ್ಲಿ ಅಭಿಮಾನ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿ ಸೇವೆ ಸಲ್ಲಿಸಿದ್ದು ಸೋಮೇಶ್ವರನ ತರುವಾಯ ಕೆಲವೇ ದಶಕಗಳಲ್ಲಿ ಎಂಬುದನ್ನು ನೆನೆದರೆ, ಆ ಕಾಲದ ಅರಮನೆಗಳ ಗೋಡೆಗಳು ಬರಿದಾಗಿದ್ದಿರಲಾರವು ಎಂದು ಊಹಿಸುವುದು ತಪ್ಪಾಗದು. ಮುಂದೆ ಕೆಳದಿಯ ಬಸಪ್ಪ ನಾಯಕನು (1696-1714) ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವೂ ಚಿತ್ರಕಲೆಯ ವಿಷಯವನ್ನು ಒಳಗೊಂಡಿದೆ. ವೀರಶೈವ ಅರಸನೊಬ್ಬನು ಈ ಶಾಸ್ತ್ರವನ್ನು ಕಾಪಾಡಿಕೊಂಡು ಬಂದದ್ದು ನಮಗೆ ಸಂತೋಷದ ಸಂಗತಿ.

ಶಾಸ್ತ್ರವೇನೋ ಉಳಿಯಿತು, ಗೋಡೆಗಳು ಉಳಿಯಲಿಲ್ಲ. ಆದುದರಿಂದ ವಿಜಯನಗರದ ಅರಮನೆಯ ಬಣ್ಣವನ್ನು ನಾವು ದೇವಾಲಯಗಳ ಛತ್ತುಗಳಲ್ಲಿ ಹುಡುಕಬೇಕಾಗುತ್ತದೆ. ಹಂಪಿಯ ವಿರೂಪಾಕ್ಷನ ಸನ್ನಿಧಿಯಲ್ಲಿ ಕೃಷ್ಣದೇವರಾಯನು 1510ರಲ್ಲಿ ಕಟ್ಟಿಸಿದ ರಂಗಮಂಟಪದ ಛತ್ತನ್ನು ತಾವೆಲ್ಲ ನೋಡಿದ್ದೀರಿ. ಪಲ್ಲಕ್ಕಿಯಲ್ಲಿ ಹೋಗುತ್ತಿರುವ ವಿದ್ಯಾರಣ್ಯರು, ಶಿವನ ಮೇಲೆ ಹೂಬಾಣವನ್ನು ಹೂಡಿದ ಮನ್ಮಥ, ಮತ್ಸ್ಯಯಂತ್ರವನ್ನು ಭೇದಿಸುತ್ತಿರುವ ಅರ್ಜುನ, ಸೀತಾರಾಮರ ಕಲ್ಯಾಣ, ಪಂಪಾ ವಿರೂಪಾಕ್ಷರ ಕಲ್ಯಾಣ. ಮಾರ್ಗದರ್ಶಿಗಳು ಇವೆಲ್ಲವನ್ನೂ ರಾಯನ ಕಾಲದವೆಂದು ಹೇಳಿಬಿಡುವುದುಂಟು. ಆದರೆ ಈಗ ಕಾಣುವ ಚಿತ್ರಗಳಲ್ಲಿ ಹೆಚ್ಚಿನವು 18ನೆಯ ಶತಮಾನದ ಕೊನೆಯಲ್ಲಿಯೋ 19ನೆಯ ಶತಮಾನದ ಆದಿಯಲ್ಲಿಯೋ ಮರಳಿ ಬರೆದವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಈ ಚಿತ್ರಗಳು ತಮ್ಮ ಪೂರ್ವಜರ ಕೈಯವೆಂದು ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರಲ್ಲಿ ಪರಂಪರಾಗತವಾದ ಹೇಳಿಕೆಯುಂಟು.

ಕಾಲದ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವೆಂದರೆ ಲೇಪಾಕ್ಷಿಯದು. 1882ರಲ್ಲಿ ಅನಂತಪುರವು ಬೇರೆಯಾಗುವ ಮುಂಚೆ ಅದೂ ಬಳ್ಳಾರಿ ಜಿಲ್ಲೆಯ ನೆಲವೇ. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರನ ದೇಗುಲದ ಛತ್ತಿನಲ್ಲಿ ಪಾರ್ವತಿಯ ವಿವಾಹದ ಸಿಂಗಾರವಿದೆ, ಶಿವಪಾರ್ವತಿಯರ ಪಗಡೆಯಾಟವಿದೆ, ಕರುವನ್ನು ಕಳೆದುಕೊಂಡ ಹಸುವಿಗೆ ನ್ಯಾಯ ಕೊಟ್ಟ ಚೋಳರಾಜನ ಕಥೆಯೂ ಇದೆ. ಇವೆಲ್ಲ ಮನೆಯೊಳಗೆ, ಅರಮನೆಯೊಳಗೆ ನಡೆದ ಪ್ರಸಂಗಗಳೇ. ಆದರೆ ಆ ಚಿತ್ರಗಳಲ್ಲಿ ತಾವು ಅರಮನೆಯನ್ನು ಹುಡುಕಿದರೆ ನಿರಾಶೆಯೇ ಗತಿ! ಮೂಲೆಯಿಲ್ಲ, ಕಿಟಕಿಯಿಲ್ಲ, ನೆಲದ ಆಳವಿಲ್ಲ. ಕೆಂಪು ನೆಲದ ಮೇಲೆ ಜನ ಸಾಲಾಗಿ ನಿಂತಿದ್ದಾರೆ, ಅಷ್ಟೆ. ವೈಭವವೆಲ್ಲ ಹೋಗಿ ಸೇರಿರುವುದು ಬಟ್ಟೆಗೆ. ಒಂದು ಸೀರೆಯಲ್ಲಿದ್ದ ಅಂಚು ಇನ್ನೊಂದರಲ್ಲಿಲ್ಲ. ಹೂವು, ಹಂಸ, ಪಟ್ಟೆ, ಚೌಕಳಿ ಎಷ್ಟು ಬಗೆ! ಗಂಡಸರ ತಲೆಯ ಮೇಲೆ ಕುಳಾವಿಯೆಂಬ ಎತ್ತರದ ಟೋಪಿ. ತಿರುಪತಿಯಲ್ಲಿರುವ ಕೃಷ್ಣದೇವರಾಯನ ಲೋಹಪ್ರತಿಮೆಯ ತಲೆಯ ಮೇಲೂ ಇಂತಹುದೇ ಟೋಪಿ ಇದೆ. ಅಂದಿನ ಚಿತ್ರಗಾರನ ದೃಷ್ಟಿಯಲ್ಲಿ ಅರಮನೆಯೆಂದರೆ ಕಟ್ಟಡವಲ್ಲ. ಅದರೊಳಗೆ ಯಾರು ಯಾರ ಮುಂದೆ ಹೇಗೆ ನಿಂತಿದ್ದಾರೆ ಎಂಬ ಕ್ರಮ. ಅದನ್ನು ಅವನು ತಪ್ಪದೆ ಬರೆದಿದ್ದಾನೆ.

ಈ ಕ್ರಮವನ್ನು ಓದುವುದು ಕಷ್ಟವಲ್ಲ. ನಮ್ಮ ನಾಡಿನ ಯಾವುದೇ ಒಡ್ಡೋಲಗದ ಹಳೆಯ ಚಿತ್ರವನ್ನು ತೆಗೆದುಕೊಳ್ಳಿ. ಎಲ್ಲರಿಗಿಂತ ದೊಡ್ಡ ಗಾತ್ರದವನು ಒಡೆಯ. ಅವನು ಲೋಡಿಗೆ ಒರಗಿ ಕುಳಿತಿರುತ್ತಾನೆ. ಅವನೆದುರು ಕುಳಿತವರು ಇಬ್ಬರೋ ಮೂವರೋ. ಉಳಿದವರಿಗೆ ನಿಲ್ಲುವ ಭಾಗ್ಯ. ಹಿಂದೆ ಚಾಮರದವಳು, ಪಕ್ಕದಲ್ಲಿ ಹಡಪದವನು. ಇವರಿಬ್ಬರೂ ಗಾತ್ರದಲ್ಲಿ ಎಲ್ಲರಿಗಿಂತ ಸಣ್ಣವರು. ಹತ್ತಿರ ಇರುವವನು ದೊಡ್ಡದಾಗಿ, ದೂರ ಇರುವವನು ಸಣ್ಣದಾಗಿ ಕಾಣಬೇಕೆಂಬ ಪಾಶ್ಚಾತ್ಯ ನಿಯಮ ಇಲ್ಲಿ ನಡೆಯದು. ಇಲ್ಲಿ ಅಳತೆಯನ್ನು ನಿರ್ಣಯಿಸುವುದು ಪದವಿ.

ಇದಕ್ಕೆ ಅತ್ಯುತ್ತಮ ನಿದರ್ಶನ ಶ್ರೀರಂಗಪಟ್ಟಣದ ದರಿಯಾ ದೌಲತ್. ಟಿಪ್ಪೂಸುಲ್ತಾನನು 1784ರಲ್ಲಿ ತೋಟದ ನಡುವೆ ಕಟ್ಟಿಸಿದ ಈ ಮರದ ಅರಮನೆಯ ಗೋಡೆ, ಕಂಬ, ಕಮಾನುಗಳಲ್ಲಿ ಬಣ್ಣವಿಲ್ಲದ ಎಡೆಯೇ ಇಲ್ಲವೆನ್ನಬಹುದು. ಪಶ್ಚಿಮದ ಗೋಡೆಯಲ್ಲಿ ಹೈದರನ ಮತ್ತು ಟಿಪ್ಪುವಿನ ಸೈನ್ಯದ ಮೆರವಣಿಗೆ, 1780ರ ಪೊಳ್ಳಿಲೂರು ಯುದ್ಧ, ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಕರ್ನಲ್ ಬೇಲಿ. ನೋಡಲು ಬಂದವರೆಲ್ಲ ಅಲ್ಲಿಯೇ ನಿಲ್ಲುತ್ತಾರೆ. ನಮ್ಮ ವಿಷಯಕ್ಕೆ ಬೇಕಾದುದು ಪೂರ್ವದ ಗೋಡೆ. ಅಲ್ಲಿ ಐದು ಸಾಲುಗಳಲ್ಲಿ ಆ ಕಾಲದ ಅರಸರ ಒಡ್ಡೋಲಗಗಳ ಚಿತ್ರಗಳಿವೆ: ತಂಜಾವೂರಿನ ಅರಸ, ಕಾಶಿಯ ಅರಸ, ಪೇಶ್ವೆ ಬಾಲಾಜಿರಾಯ, ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ. ಒಂದು ಅರಮನೆಯ ಗೋಡೆಯಲ್ಲಿ ಹಲವು ಅರಮನೆಗಳ ಒಳಾಂಗಣ!

ಮದಕರಿ ನಾಯಕನ ಹೆಸರು ಕೇಳಿದೊಡನೆ ನಮ್ಮ ಕಡೆಯವರ ಮನಸ್ಸು ಕಲಕುವುದು ಸಹಜ. 1779ರಲ್ಲಿ ಹೈದರನು ದುರ್ಗವನ್ನು ಹಿಡಿದು ಅವನನ್ನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ದನು. ದುರ್ಗದ ಕೋಟೆಯೊಳಗೆ ಇಂದು ಅರಮನೆಯ ಮಣ್ಣಿನ ಗೋಡೆಗಳು ಬೋಳಾಗಿ ನಿಂತಿವೆ. ಅಂತಹವನ ಒಡ್ಡೋಲಗವು ಅವನನ್ನು ಸೆರೆಹಿಡಿದವನ ಮಗನ ಅರಮನೆಯ ಗೋಡೆಯಲ್ಲಿ ಏಕಿದೆ? ಗೆದ್ದ ಸೊಕ್ಕಿನಿಂದ ಬರೆಸಿದ್ದೇ? ಶೂರನಿಗೆ ಸಂದ ಗೌರವವೇ? ಟಿಪ್ಪುವಿನ ಕಾಲದ ಚಿತ್ರವೆಂದು ಒಪ್ಪಿದರೆ ಎರಡರಲ್ಲಿ ಒಂದನ್ನು ಆರಿಸಿಕೊಂಡು ವಾದ ಹೂಡಬಹುದು, ಹೂಡಿದವರೂ ಇದ್ದಾರು.

ಆದರೆ ಅದೇ ಗೋಡೆಯಲ್ಲಿ ಇನ್ನೊಬ್ಬ ಅರಸನಿದ್ದಾನೆ: ಮುಮ್ಮಡಿ ಕೃಷ್ಣರಾಜ ಒಡೆಯರು. ಅವರು ಹುಟ್ಟಿದ್ದು 1794ರಲ್ಲಿ. 1784ರ ಗೋಡೆಯಲ್ಲಿ ಅವರು ಒಡ್ಡೋಲಗ ನಡೆಸುವುದು ಹೇಗೆ? ಉತ್ತರವು ಆ ಗೋಡೆಯ ಚರಿತ್ರೆಯಲ್ಲಿಯೇ ಇದೆ. ಮುತ್ತಿಗೆಗೆ ಮುಂಚೆ ಟಿಪ್ಪುವೇ ಈ ಚಿತ್ರಗಳ ಮೇಲೆ ಸುಣ್ಣ ಬಳಿಸಿದ್ದನೆಂದು ಹೇಳುತ್ತಾರೆ. 1799ರಲ್ಲಿ ಪಟ್ಟಣ ಬಿದ್ದ ಬಳಿಕ ಈ ಮನೆಯಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಪಡಿಸಿದನು. ಮತ್ತೆ ಅವು ಮಾಸಿದವು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇಲ್ಲಿಗೆ ಬಂದು, ಹಳೆಯ ಚಿತ್ರಗಳ ನೆನಪಿದ್ದ ದೇಶೀಯ ಚಿತ್ರಗಾರನೊಬ್ಬನಿಂದ ಅವನ್ನು ಮರಳಿ ಬರೆಸುವಂತೆ ಆಜ್ಞಾಪಿಸಿದನು. ಅಂದಮೇಲೆ ನಾವು ಇಂದು ನೋಡುತ್ತಿರುವುದು ಟಿಪ್ಪುವಿನ ಕಾಲದ ಗೋಡೆಯನ್ನು ಮಾತ್ರವಲ್ಲ, ಆ ಗೋಡೆಯನ್ನು ಕುರಿತು ಒಬ್ಬ ಮುದುಕನಿಗಿದ್ದ ನೆನಪನ್ನು. ಅವನು ತನ್ನ ಕಾಲದ ಒಡೆಯರನ್ನೂ ಸೇರಿಸಿದನೋ, ಬೇರೆ ಯಾರಾದರೂ ಸೇರಿಸಿದರೋ. ಮದಕರಿ ನಾಯಕನು ಮೊದಲಿನಿಂದ ಇದ್ದನೋ, ನಡುವೆ ಬಂದನೋ. ಹಾಗಾಗಿ ಗೆದ್ದ ಸೊಕ್ಕಿನ ವಾದವೂ ಗೌರವದ ವಾದವೂ ಎರಡೂ ಈ ಗೋಡೆಯ ಮೇಲೆ ನಿಲ್ಲಲಾರವು. ಇದನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕ್ಷಮಿಸಬೇಕು. ಚಿತ್ರವನ್ನು ತೋರಿಸಿ ಜಗಳವಾಡುವವರು ಈಚೆಗೆ ಹೆಚ್ಚಾಗಿದ್ದಾರೆ. ಆ ಚಿತ್ರ ಎಂದಿನದು, ಯಾರ ಕೈಯದು ಎಂದು ಕೇಳುವವರು ಕಡಿಮೆ.

ಇನ್ನು, ಮೊದಲಿಗೆ ಹೇಳಿದ ಅಮೃತಶಿಲೆಯ ನೆಲದ ಅರಮನೆ ಎಲ್ಲಿಂದ ಬಂತೆಂಬುದನ್ನು ನೋಡೋಣ. ಮುಮ್ಮಡಿಯವರ ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯ ಚಿತ್ರಗಳಲ್ಲಿ, ಸಫೇದವನ್ನು ಅಂಟಿನೊಡನೆ ಕಲಸಿ ಉಬ್ಬುಗೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕನ್ನು ಹಚ್ಚಿ, ಶ್ರೀರಾಮ ಪಟ್ಟಾಭಿಷೇಕದಂತಹ ಪ್ರಸಂಗಗಳನ್ನು ಬರೆಯುತ್ತಿದ್ದರು. ಅಲ್ಲಿನ ಅಯೋಧ್ಯೆಯು ಮೈಸೂರಿನ ಅರಮನೆಯೇ: ಅದೇ ಕಂಬ, ಅದೇ ಕಮಾನು, ಅದೇ ಪರದೆ. ಆ ಮೇಲೆ ರಾಜಾ ರವಿವರ್ಮರು ಬಂದರು. ತೈಲವರ್ಣದಲ್ಲಿ ಪಾಶ್ಚಾತ್ಯ ರೀತಿಯ ನೆಳಲು ಬೆಳಕುಗಳಿಂದ ಅವರು ಬರೆದ ಪುರಾಣಚಿತ್ರಗಳಲ್ಲಿ ನೆಲಕ್ಕೆ ಆಳ ಬಂತು, ಕಂಬಕ್ಕೆ ದುಂಡು ಬಂತು, ಪರದೆಗೆ ಮಡಿಕೆ ಬಂತು. ಅವರ ಹಲವು ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. 1894ರಲ್ಲಿ ಅವರು ಮುಂಬಯಿಯಲ್ಲಿ ಮುದ್ರಣಾಲಯವನ್ನು ಆರಂಭಿಸಿದ ಮೇಲೆ ಆ ಅರಮನೆ ಮನೆಮನೆಯ ಗೋಡೆಗೂ ಬಂತು. ನಾಟಕದ ಕಂಪನಿಗಳ ಪರದೆಯವರು ಅದನ್ನೇ ಬರೆದರು. ಚಲನಚಿತ್ರದವರು ಅದನ್ನೇ ಕಟ್ಟಿದರು. ಹೀಗೆ ದ್ವಾಪರದ ಹಸ್ತಿನಾವತಿಗೂ ಹದಿನಾರನೆಯ ಶತಮಾನದ ಹಂಪಿಗೂ ಹತ್ತೊಂಬತ್ತನೆಯ ಶತಮಾನದ ಒಂದೇ ದಿವಾನಖಾನೆ ಸಾಲಿತು. ರವಿವರ್ಮರ ಕಲೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರ ಸರಸ್ವತಿ ನಮ್ಮ ಮನೆಯ ಗೋಡೆಯಲ್ಲಿಯೂ ಇದ್ದಾಳೆ. ಆದರೆ ದಂತದ ತಾವರೆಯ ಕೋಣೆ, ಭಿಕ್ಷುಕರ ಚಿತ್ರವಿದ್ದ ಗೋಡೆ ನಮ್ಮ ಕಲ್ಪನೆಯಿಂದ ಮರೆಯಾದದ್ದು ಈ ದಿವಾನಖಾನೆಯ ಹಿಂದೆಯೇ.

ನಮ್ಮ ಸದ್ಭಕ್ತರ ಮನೆಗಳಲ್ಲಿರುವ ಅನುಭವ ಮಂಟಪದ ಚಿತ್ರವೂ ಈ ಮಾತಿಗೆ ಹೊರತಲ್ಲ. ಹನ್ನೆರಡನೆಯ ಶತಮಾನದಲ್ಲಿ ಬರೆದ ಅನುಭವ ಮಂಟಪದ ಚಿತ್ರ ನಮಗೆ ಉಳಿದಿಲ್ಲ. ಈಗ ಕಾಣುವವೆಲ್ಲ ಆಧುನಿಕ ಕಲಾವಿದರ ಕಲ್ಪನೆಗಳು. ಅವುಗಳಲ್ಲಿ ಕಂಬಗಳ ಸಾಲು, ನಡುವೆ ಎತ್ತರದ ಪೀಠ, ಎರಡು ಬದಿಯಲ್ಲಿ ಸಭಿಕರು ಎಂಬ ವಿನ್ಯಾಸವನ್ನು ಕಲಾವಿದನು ತಂದದ್ದು ರಾಜಸಭೆಯ ಚಿತ್ರದಿಂದಲೇ. ಶೂನ್ಯಸಿಂಹಾಸನವನ್ನು ಬರೆಯಬೇಕಾಗಿ ಬಂದಾಗ ಅವನ ಕೈಗೆ ಸಿಕ್ಕಿದ್ದು ರಾಜಸಿಂಹಾಸನದ ಮಾದರಿ. ಬೇರೆ ಮಾದರಿ ಅವನಿಗೆ ಎಲ್ಲಿಂದ ಬರಬೇಕು? ಆದರೂ ಒಂದು ವ್ಯತ್ಯಾಸವನ್ನು ತಾವು ಈ ದಿನವೇ ಗೋಡೆಯ ಬಳಿಗೆ ಹೋಗಿ ನೋಡಬಹುದು. ಅರಸನ ಒಡ್ಡೋಲಗದ ಚಿತ್ರದಲ್ಲಿ ಹಡಪದವನು ನಿಂತಿರುತ್ತಾನೆ, ಸಣ್ಣವನಾಗಿರುತ್ತಾನೆ, ಅವನಿಗೆ ಹೆಸರೂ ಇರುವುದಿಲ್ಲ. ಅನುಭವ ಮಂಟಪದಲ್ಲಿ ಹಡಪದ ಅಪ್ಪಣ್ಣನಿಗೆ ಹೆಸರುಂಟು, ವಚನಕಾರನೆಂಬ ಸ್ಥಾನವುಂಟು. ಅವನನ್ನು ಉಳಿದ ಶರಣರ ಸಾಲಿನಲ್ಲಿ, ಅವರಷ್ಟೇ ಗಾತ್ರದಲ್ಲಿ ಕೂರಿಸಿರುವ ಕಲಾವಿದನು ವಿಷಯವನ್ನು ಅರಿತವನು. ಹಾಗೆ ಕೂರಿಸದೆ ಹಿಂದೆ ನಿಲ್ಲಿಸಿರುವ ಚಿತ್ರಗಳೂ ಇಲ್ಲದಿಲ್ಲ. ಅಲ್ಲಿ ಕಂಬದ ಜೊತೆಗೆ ಅರಮನೆಯ ಕ್ರಮವೂ ನುಸುಳಿಬಿಟ್ಟಿದೆ.

ಮೈಸೂರಿನ ಹಳೆಯ ಅರಮನೆಯೂ ಮರದ್ದೇ ಆಗಿತ್ತು; 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿಬಿದ್ದು ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಯನ್ನು ಕಲ್ಲಿನಿಂದಲೂ ಕಬ್ಬಿಣದಿಂದಲೂ ಕಟ್ಟಿದರು. ಅದರ ಕಲ್ಯಾಣಮಂಟಪದ ಗೋಡೆಗಳಲ್ಲಿ ಮೈಸೂರಿನ ಕಲಾವಿದರು 1934ರಿಂದ 1945ರವರೆಗೆ ಬರೆದ, ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಬರೆದವಾದ್ದರಿಂದ ಮುಖಗಳೆಲ್ಲ ಗುರುತು ಸಿಗುವಂತಹವು. ಇಲ್ಲಿಯೂ ಹೊರಗಿನ ಬೀದಿಯನ್ನು ಒಳಗೋಡೆಗೆ ತಂದಿದ್ದಾರೆ. ಪಾಯಿಸನು ಕಂಡ ಗೋಡೆಗೂ ಇದಕ್ಕೂ ಇರುವ ಅಂತರವೆಂದರೆ, ಅಲ್ಲಿ ಅರಮನೆಯವರು ಹೊರಗಿನ ಜನರನ್ನು ನೋಡುತ್ತಿದ್ದರು. ಇಲ್ಲಿ ಹೊರಗಿನ ಜನರು ಅರಮನೆಯವರನ್ನು ನೋಡುತ್ತಿರುವುದನ್ನು ಅರಮನೆಯವರು ನೋಡುತ್ತಾರೆ.

ಕೊನೆಯದಾಗಿ ಒಂದು ಸ್ವಂತದ ಮಾತು. ನಮ್ಮ ಸೀಮೆಯ ಒಂದು ಹಳೆಯ ವಾಡೆಯ ಪಡಸಾಲೆಯಲ್ಲಿ, ನಾನು ಬಾಲಕನಾಗಿದ್ದಾಗ, ಗೋಡೆಯ ಮೇಲೆ ಒಂದು ಒಡ್ಡೋಲಗವಿತ್ತು. ಕಾವಿಯ ಗೆರೆ, ನೀಲಿಯ ಪರದೆ, ಲೋಡಿಗೊರಗಿದ ದೊರೆ. ಅವನ ಮೀಸೆಯನ್ನು ಮಕ್ಕಳಾದ ನಾವು ಬೆರಳಿನಿಂದ ತೀಡುತ್ತಿದ್ದೆವು. ಊರು ಬೇಡ, ಮನೆತನದ ಹೆಸರೂ ಬೇಡ. ಒಂದು ಮದುವೆಯ ಸಮಯದಲ್ಲಿ ಮನೆ ಚೊಕ್ಕಟವಾಗಿರಲೆಂದು ಗೋಡೆಗೆ ಎರಡು ಕೈ ಸುಣ್ಣ ಹೊಡೆದರು. ಯಾರದೂ ದುರುದ್ದೇಶವಿರಲಿಲ್ಲ. ನಾನೂ ಆ ಮದುವೆಯ ಊಟ ಉಂಡು ಬಂದವನೇ. ಆ ದೊರೆ ಯಾರೆಂದು ಆಗ ಕೇಳಲಿಲ್ಲ. ಈಗ ಕೇಳಬೇಕೆಂದರೆ ಹೇಳುವವರು ಇಲ್ಲ.

ಇಂತಹ ಗೋಡೆಗಳು ಬಳ್ಳಾರಿ, ಕುರುಗೋಡು, ಸಿರುಗುಪ್ಪೆಯ ಹಳ್ಳಿಗಳ ವಾಡೆಗಳಲ್ಲಿ, ಹಳೆಯ ಮಠಗಳ ಒಳಗಿನ ಕತ್ತಲೆಯ ಕೋಣೆಗಳಲ್ಲಿ ಇನ್ನೂ ಇರಬಹುದು. ತಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ ಸುಣ್ಣವನ್ನಾಗಲಿ ಎಣ್ಣೆಬಣ್ಣವನ್ನಾಗಲಿ ಬಳಿಯುವ ಮುಂಚೆ ದಯವಿಟ್ಟು ಸ್ವಲ್ಪ ತಡೆಯಿರಿ. ಒದ್ದೆಬಟ್ಟೆಯಿಂದ ಒರಸಬೇಡಿರಿ, ವಜ್ರಲೇಪದಂತಹ ಅಂಟಿನಿಂದ ಹಿಡಿದಿರುವ ಬಣ್ಣ ನೀರು ತಾಗಿದೊಡನೆ ಬಿಟ್ಟುಬರುತ್ತದೆ. ಹಗಲಿನ ಬೆಳಕಿನಲ್ಲಿ ಫೋಟೋ ತೆಗೆಯಿಸಿ, ಗೋಡೆ ಯಾವ ದಿಕ್ಕಿನದು, ಅದನ್ನು ಕುರಿತು ಮನೆಯ ಹಿರಿಯರು ಏನು ಹೇಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಪುರಾತತ್ತ್ವ ಇಲಾಖೆಯ ಕಚೇರಿಗೋ ಅದರ ಒಂದು ಪ್ರತಿಯನ್ನು ತಲುಪಿಸಬಹುದು. ಚಿತ್ರದಲ್ಲಿ ಕುಳಿತವನ ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ; ಅವನ ಹಿಂದೆ ನಿಂತವರು ಎಷ್ಟು ಮಂದಿ, ಅವರ ಕೈಯಲ್ಲಿ ಏನೇನಿದೆ ಎಂಬುದನ್ನೂ ಮರೆಯದೆ ಬರೆಯಿರಿ.